ದಾಕ್ಷುವಿನ ಮೆಣಸು

ಗೋಣಿಬೀಡಿನ ಬಸ್ ಸ್ಟ್ಯಾಂಡಿನ ಎದುರಿಗೆ ಓಂಕಾರಪ್ಪನ ಅಂಗಡಿ. ಸುತ್ತಲಿನ ತೋಟದವರಿಂದ ಮೆಣಸು, ಏಲಕ್ಕಿ ಕೊಂಡು ಮಂಗಳೂರಿನ ಕಡೆಗೆ ಕಳಿಸುವುದು ಅವನ ವ್ಯಾಪಾರ. ಅಂಗಡಿಯ ಹಿಂಬಾಗಿಲು ತೆಗೆದರೆ ಮನೆ. ಅವನಿಗೂ ಹೆಂಡತಿ ಸರ್ವಮಂಗಳಾಗೂ ಮದುವೆಯಾಗಿ ಬಹಳ ಕಾಲ ಮಕ್ಕಳಾಗಿರಲಿಲ್ಲ. ನೆಂಟರು ಕೇಳುವುದನ್ನೂ ಬಿಟ್ಟು, ಸರ್ವಮಂಗಳಾ ಹರಕೆ ಹೊರುವುದನ್ನೂ ಬಿಟ್ಟ ಮೇಲೆ ಹುಟ್ಟಿದವಳು ದಾಕ್ಷಾಯಿಣಿ.

ದಾಕ್ಷು ನಡೆಯಲು ಕಲಿತದ್ದೇ ಮೆಣಸಿನ ಮೂಟೆಗಳನ್ನು ಹಿಡಿದುಕೊಂಡು. ಸಂತೆಯ ದಿನ ಅಂಗಡಿ ತುಂಬ ಜನರಿರುವಾಗಲೇ ಬಂದು ದೊಡ್ಡ ತಕ್ಕಡಿಯ ತಟ್ಟೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಡುವಳು.

"ಅಪ್ಪಾಜಿ, ನನ್ನೂ ತೂಗು."

ಓಂಕಾರಪ್ಪ ಎಷ್ಟೇ ಅವಸರದಲ್ಲಿದ್ದರೂ ಇನ್ನೊಂದು ತಟ್ಟೆಗೆ ಬಟ್ಟುಗಳನ್ನು ಏರಿಸಿ, ಮುಳ್ಳನ್ನು ನೋಡಿ, ಗಂಭೀರವಾಗಿ ತಲೆಯಾಡಿಸುವನು.

"ನನ್ನ ರೇಟೆಷ್ಟು?"

"ನಿನ್ನ ಕೊಳ್ಳೋ ಸಾಹುಕಾರ ಈ ಜಿಲ್ಲೇಲೇ ಇಲ್ಲ ಕಣವ್ವ. ಇಳಿ, ಇಳಿ."

ಮೂಟೆ ಹೊತ್ತು ತಂದ ತೋಟದವರೂ ನಗುತ್ತಿದ್ದರು. ಒಳಗೆ ರೊಟ್ಟಿ ತಟ್ಟುತ್ತಿದ್ದ ಸರ್ವಮಂಗಳಾಗೆ ಆ ನಗು ಕೇಳಿದರೆ ತಕ್ಕಡಿಯಲ್ಲಿ ಮಗಳು ಕೂತಿದ್ದಾಳೆಂದು ತಿಳಿಯುತ್ತಿತ್ತು.

ಸಾವಿರದ ಒಂಬೈನೂರ ಎಪ್ಪತ್ತೇಳರ ಆಷಾಢ. ದಾಕ್ಷುವಿಗೆ ಆರು ತುಂಬಿತ್ತು. ನೆಗಡಿ ಎಂದು ಶುರುವಾದದ್ದು ಜ್ವರಕ್ಕೆ ತಿರುಗಿತು. ಮನೆಯಲ್ಲಿ ಕಷಾಯ ಕೊಟ್ಟರು, ಅಂಗಡಿ ಬೀದಿಯ ಕಾಂಪೌಂಡರು ಮಾತ್ರೆ ಕೊಟ್ಟ. ಒಂದು ಬೆಳಿಗ್ಗೆ ಮಗಳ ಲಂಗದ ದಾರ ಸಡಿಲಿಸಲು ಹೋದ ಸರ್ವಮಂಗಳಾ ಹಾಗೇ ನಿಂತಳು. ಮಗು ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೇದಿಹೋಗುತ್ತಿತ್ತು. ತುಟಿ ನೇರಳೆಹಣ್ಣು ತಿಂದವರ ತುಟಿಯ ಹಾಗಿತ್ತು.

ಪಕ್ಕದಲ್ಲೇ ಖಾದರನ ಗ್ಯಾರೇಜು. ಹಳೆ ಜೀಪುಗಳನ್ನು ಬಿಚ್ಚಿ ಜೋಡಿಸುವುದು ಅವನ ಕೆಲಸ. ಓಂಕಾರಪ್ಪ ಬಾಗಿಲಲ್ಲಿ ನಿಂತು "ಖಾದರಾ" ಎಂದದ್ದಷ್ಟೇ. ಆ ದನಿ ಕೇಳಿಯೇ ಅವನು ಕೈ ಕೂಡ ಒರೆಸಿಕೊಳ್ಳದೆ ಜೀಪು ಶುರು ಮಾಡಿದ.

ಮೂಡಿಗೆರೆ ದಾಟಿ ಚಿಕ್ಕಮಗಳೂರಿಗೆ ಹೋಗುವ ದಾರಿಯಲ್ಲಿ, ಹಿಂದೆ ಯಾವಾಗಲೋ ಬೆಳೆಗಾರರು ಸೇರಿ ಕಟ್ಟಿಸಿದ ಒಂದು ಸಣ್ಣ ಧರ್ಮಾಸ್ಪತ್ರೆ ಇತ್ತು. ಕೊಡಗಿನಿಂದ ಬಂದ ಡಾಕ್ಟರ್ ತಮ್ಮಯ್ಯ ಮತ್ತು ಕೇರಳದ ನರ್ಸ್ ಅಣ್ಣಮ್ಮ, ಇಬ್ಬರೇ ಅದನ್ನು ನಡೆಸುತ್ತಿದ್ದರು. ತಮ್ಮಯ್ಯ ಮಗುವಿನ ಎದೆಗೂ ಬೆನ್ನಿಗೂ ಕೊಳವೆಯಿಟ್ಟು ಕೇಳಿ, ಸೂಜಿ ಚುಚ್ಚಿ, ಓಂಕಾರಪ್ಪನನ್ನು ಪಕ್ಕಕ್ಕೆ ಕರೆದರು. ಸರ್ವಮಂಗಳಾ ಹಿಂದೆಯೇ ಹೋದಳು.

"ನ್ಯುಮೋನಿಯಾ. ಎರಡೂ ಕಡೆ ಹಿಡಿದಿದೆ. ನಾನು ಕೊಟ್ಟಿರೋ ಔಷಧಿ ಕೆಲಸ ಮಾಡುತ್ತೆ, ಆದ್ರೆ ಅದಕ್ಕೆ ಹೊತ್ತು ಬೇಕು. ಅಲ್ಲೀವರೆಗೆ ಮಗೂಗೆ ಆಕ್ಸಿಜನ್ ಕೊಡ್ಬೇಕು. ನಮ್ಮಲ್ಲಿ ಅದಿಲ್ಲ. ನಿಲ್ಬೇಡಿ, ಚಿಕ್ಕಮಗಳೂರಿಗೆ ಹೋಗಿ."

ಅಣ್ಣಮ್ಮ ಆಸ್ಪತ್ರೆಯ ಕೆಂಪು ಕಂಬಳಿಯೊಂದನ್ನು ತಂದು ಮಗುವಿಗೆ ಸುತ್ತಿದಳು.

ಆಲ್ದೂರು ಇನ್ನೂ ಮುಂದಿರುವಾಗಲೇ ದಾರಿಗೆ ಅಡ್ಡವಾಗಿ ಮರ ಬಿದ್ದಿತ್ತು. ಪಕ್ಕದ ಎಸ್ಟೇಟಿನ ಆಳುಗಳು ಗರಗಸ ಹಿಡಿದು ಕುಯ್ಯುತ್ತಿದ್ದರು. ಖಾದರ್ ಇಳಿದು ಓಡಿದ. ಸರ್ವಮಂಗಳಾಗೆ ಜೀಪಿನಲ್ಲಿ ಕೂರಲಾಗಲಿಲ್ಲ. ಮಗುವನ್ನು ಗಂಡನ ಮಡಿಲಿಗೆ ಕೊಟ್ಟು, ಸೆರಗು ಸಿಕ್ಕಿಸಿ, ಮಳೆಯಲ್ಲಿ ಇಳಿದಳು. ಗಂಡಸರ ನಡುವೆ ನುಗ್ಗಿ ಕೊಂಬೆಗಳನ್ನು ಎಳೆದಳು. ಯಾರೋ "ನೀವು ಬಿಡ್ರಮ್ಮಾ" ಎಂದರು. ಅವಳು ಬಿಡಲಿಲ್ಲ. ಅಂಗೈ ತರಚಿ ರಕ್ತ ಬಂದರೂ ಅವಳಿಗೆ ಗೊತ್ತಾಗಲಿಲ್ಲ.

ಜೀಪು ನುಸುಳುವಷ್ಟು ದಾರಿಯಾದ ಮೇಲೆ ಅವಳು ಹತ್ತಿ ಕೂತಳು. ಮಗುವಿಗೆ ಕೈಚಾಚಿದರೆ ಓಂಕಾರಪ್ಪ ಕಂಬಳಿಯನ್ನು ಎದೆಗೆ ಒತ್ತಿಕೊಂಡ.

"ನಿನ್ನ ಮೈಯೆಲ್ಲ ಒದ್ದೆ. ಮುಟ್ಬೇಡ. ಮಲಗಿದಾಳೆ."

ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಸರ್ವಮಂಗಳಾ ಮಗಳ ಜೊತೆ ಮಾತಾಡಿದಳು. ಇನ್ನೇನು ಊರು ಬಂತು ಕಂದಾ, ಅಲ್ಲಿ ದೊಡ್ಡ ಆಸ್ಪತ್ರೆ ಇದೆ, ಬರುವಾಗ ಪೇಟೆಯಲ್ಲಿ ಬಳೆ ತೆಗೆದುಕೊಳ್ಳೋಣ, ಕೆಂಪಿನವೇ ತೆಗೆದುಕೊಳ್ಳೋಣ, ಎಂದಳು. ನಡುನಡುವೆ ಗಂಡನ ಕಡೆ ತಿರುಗಿ, "ಈಗ ಅಷ್ಟೊಂದು ಎಳೀತಿಲ್ಲ ಅಲ್ವಾ? ಸುಮಾರಾಗಿದೆ ಅಲ್ವಾ?" ಎಂದು ಕೇಳಿದಳು. ಅವನು ಹೂಂ ಎಂದ.

ದೊಡ್ಡಾಸ್ಪತ್ರೆಯ ವರಾಂಡದಲ್ಲಿ ಡಾಕ್ಟರು ಕಂಬಳಿ ಸರಿಸಿ, ಕೈ ಹಿಡಿದು ನೋಡಿ, ಓಂಕಾರಪ್ಪನ ಮುಖ ನೋಡಿದರು. ಆ ಮುಖದಲ್ಲಿ ಏನೂ ಕೇಳುವ ಕಾತರ ಇರಲಿಲ್ಲ. ಆಗ ಸರ್ವಮಂಗಳಾಗೆ ಅರ್ಥವಾಯಿತು.

"ನಿಮ್ಗೆ ಯಾವಾಗ ಗೊತ್ತಾಯ್ತು?"

"ಮರ ಕುಯ್ತಿದ್ರಲ್ಲ," ಎಂದ ಓಂಕಾರಪ್ಪ. "ಆವಾಗ್ಲೇ."

ದಾಕ್ಷುವನ್ನು ಮಾರನೆಯ ದಿನ ಮಣ್ಣು ಮಾಡಿದರು. ಜಂಗಮರು ಬಂದು ವಿಭೂತಿ ಇಟ್ಟರು. ಗುಂಡಿಯಲ್ಲಿ ನೀರು ನಿಲ್ಲುತ್ತಿತ್ತು, ಖಾದರನೂ ಇನ್ನಿಬ್ಬರೂ ಬಕೆಟ್ಟಿನಲ್ಲಿ ನೀರು ಎತ್ತಿ ಎತ್ತಿ ಚೆಲ್ಲಿದರು.

ಆಮೇಲೆ ಓಂಕಾರಪ್ಪ ಮಗಳ ಹೆಸರು ಹೇಳುವುದನ್ನು ಬಿಟ್ಟ. ಅವಳ ಲಂಗ, ಸ್ಲೇಟು, ಮರದ ಬುಗುರಿ ಎಲ್ಲವನ್ನೂ ಟ್ರಂಕಿಗೆ ಹಾಕಿ ಅಟ್ಟಕ್ಕೆ ಏರಿಸಿದ. ಅಂಗಡಿಯ ಬಾಗಿಲನ್ನು ಎಂದಿನಂತೆ ತೆರೆಯುತ್ತಿದ್ದ, ಎಂದಿನಂತೆ ಮುಚ್ಚುತ್ತಿದ್ದ. ಸರ್ವಮಂಗಳಾ ಅವನಿಗೆ ಊಟಕ್ಕೆ ಬಡಿಸುತ್ತಿದ್ದಳು, ಆದರೆ ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತಿರಲಿಲ್ಲ. ಅಷ್ಟು ದೂರದ ದಾರಿಯಲ್ಲಿ ಸತ್ತ ಮಗುವಿನ ಜೊತೆ ತಾನು ಬಳೆಯ ಮಾತಾಡಿದೆ, ಇವನು ಕೇಳುತ್ತ ಕೂತಿದ್ದ ಎಂಬುದು ಅವಳ ಗಂಟಲಲ್ಲಿ ಮುಳ್ಳಿನ ಹಾಗೆ ನಿಂತುಬಿಟ್ಟಿತ್ತು. ಅದನ್ನು ಕೇಳಿಬಿಡಬೇಕು ಎಂದುಕೊಳ್ಳುವಳು. ಬಾಯಿ ಬರುತ್ತಿರಲಿಲ್ಲ.

ಶ್ರಾವಣದಲ್ಲಿ ಅವಳಿಗೆ ಕೆಂಪು ಕಂಬಳಿಯ ನೆನಪಾಯಿತು. ಅದು ಆಸ್ಪತ್ರೆಯದು, ವಾಪಸು ಕೊಡಬೇಕು. ಒಗೆದು, ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸಿ, ಮಡಚಿ, ಬಸ್ಸು ಹತ್ತಿ ಒಬ್ಬಳೇ ಹೋದಳು.

ಅಣ್ಣಮ್ಮ ಕಂಬಳಿಯನ್ನು ತೆಗೆದುಕೊಂಡು ಅವಳ ಮುಖ ನೋಡಿದಳು. ಬೆಂಚಿನ ಮೇಲೆ ಕೂರಿಸಿ ಕಾಫಿ ತಂದುಕೊಟ್ಟಳು. ಒಳಗೆ ಯಾವುದೋ ಮಗು ಕೆಮ್ಮುತ್ತಿತ್ತು. ತಮ್ಮಯ್ಯ ಹೊರಗೆ ಬಂದಾಗ ಸರ್ವಮಂಗಳಾ ಎದ್ದು ನಿಂತಳು.

"ಡಾಕ್ಟ್ರೇ, ಆ ಆಕ್ಸಿಜನ್ ಅನ್ನೋದು ನಮ್ಮಂಥ ಕಡೆ ಸಿಗದೇ ಇರೋ ವಸ್ತುವಾ?"

"ಸಿಗದೇ ಏನು ತಾಯಿ. ಮಂಗಳೂರಿಂದ ಸಿಲಿಂಡರ್ ತರಿಸ್ಬೋದು. ಖಾಲಿ ಆದ ಹಾಗೆ ತುಂಬಿಸ್ಬೇಕು. ಮಕ್ಕಳಿಗೆ ಗಾಳಿ ಬಡೀದ ಹಾಗೆ ಬೇರೆ ಕೋಣೆ ಬೇಕು, ಚಿಕ್ಕ ಮಂಚ ಬೇಕು, ಸಲಕರಣೆ ಬೇಕು. ಬೆಳೆಗಾರರ ಟ್ರಸ್ಟಿನವರು ಔಷಧಿಗೆ ಕೊಡೋದೇ ಹೆಚ್ಚು. ಪ್ರತಿ ಮಳೆಗಾಲ ಬರೀತೀನಿ, ಕೇಳ್ತೀನಿ. ಯಾರು ಕೊಡ್ತಾರೆ?"

"ಪ್ರತಿ ಮಳೆಗಾಲ ಅಂದ್ರೆ? ನನ್ನ ಮಗಳ ಹಾಗೆ..."

ತಮ್ಮಯ್ಯ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

"ನಾನು ತಂದುಕೊಡ್ತೀನಿ," ಎಂದಳು ಸರ್ವಮಂಗಳಾ. ಎಲ್ಲಿಂದ ಎಂದು ಅವಳಿಗೇ ಗೊತ್ತಿರಲಿಲ್ಲ.

ಆ ದಿನ ಅಂಗಡಿ ಮುಚ್ಚಿ ಒಳಗೆ ಬಂದ ಗಂಡನಿಗೆ ಅವಳು ವಿಷಯ ಹೇಳಿದಳು. ಓಂಕಾರಪ್ಪ ತಟ್ಟೆಯ ಮುಂದೆ ಕೂತವನು ಕೈ ಹಿಂದಕ್ಕೆ ತೆಗೆದ.

"ಜನರ ಮನೆ ಬಾಗಿಲಿಗೆ ಹೋಗಿ ಏನಂತ ಹೇಳ್ತೀಯ?"

"ಆದದ್ದು ಹೇಳ್ತೀನಿ."

"ಅವಳು ಹೋದದ್ದನ್ನ ಮನೆಮನೆಗೂ ಹೇಳ್ಕೊಂಡು ಕಾಸು ಎತ್ತುತೀಯ? ಕೇಳಿದೋರು ಲೊಚಗುಟ್ಟಿ ಎಂಟಾಣೆ ಹಾಕ್ತಾರೆ. ನನ್ನ ಮಗಳು ಅಷ್ಟಕ್ಕೆ ಆಗೋದ್ಲಾ? ಅಂಗಡೀಲಿ ಇರೋದನ್ನೆಲ್ಲ ಮಾರಿ ಕೊಡು ಅನ್ನು, ಕೊಡ್ತೀನಿ. ಬೇಡೋದು ಬೇಡ."

"ಅದನ್ನೆಲ್ಲ ಮಾರಿದ್ರೂ ಸಾಲಲ್ಲ ಅಂತ ನಿಮ್ಗೂ ಗೊತ್ತು."

ಅವನು ಎದ್ದು ಕೈ ತೊಳೆದ. ಅಂದಿನಿಂದ ಮನೆಯಲ್ಲಿ ಉಳಿದಿದ್ದ ನಾಲ್ಕು ಮಾತೂ ಎರಡಾದವು.

ಖಾದರನ ತಾಯಿ ಸುಗ್ರಾ ಬೀ ಗ್ಯಾರೇಜಿನ ಹಿಂದಿನ ಮನೆಯಲ್ಲಿದ್ದಳು. ದಾಕ್ಷುವಿಗೆ ಜಡೆ ಹೆಣೆಯುತ್ತಿದ್ದವಳು ಅವಳೇ. ಸುಗ್ಗಿಯ ಹೊತ್ತಿಗೆ ಒಂದು ದಿನ ಒಂದು ಬಟ್ಟೆಯ ಗಂಟು ಹಿಡಿದು ಹಿತ್ತಲ ಬಾಗಿಲಿಗೆ ಬಂದಳು.

"ತಗೋ ಮಗಳೇ. ನೀನು ಆಸ್ಪತ್ರೆಗೆ ದುಡ್ಡು ಕೂಡಿಸ್ಬೇಕು ಅಂತಿದ್ದೀಯಂತೆ, ಖಾದರ್ ಹೇಳ್ದ. ನನ್ನ ಹತ್ರ ದುಡ್ಡೆಲ್ಲಿ. ಹಲಸಿನ ಮರಕ್ಕೆ ಹಬ್ಬಿಸಿದ್ದ ಬಳ್ಳೀದು."

ಗಂಟು ಬಿಚ್ಚಿದರೆ ಚೆನ್ನಾಗಿ ಒಣಗಿದ ಕರಿಮೆಣಸು. ಸರ್ವಮಂಗಳಾ ಅದನ್ನು ನೋಡುತ್ತ ಕೂತಳು. ಈ ಸೀಮೆಯಲ್ಲಿ ಮೆಣಸಿನ ಬಳ್ಳಿ ಇಲ್ಲದ ಮನೆ ಯಾವುದಿದೆ? ಕೈಯಿಂದ ದುಡ್ಡು ಬಿಚ್ಚುವುದಕ್ಕೆ ಜನ ಹತ್ತು ಸಲ ಯೋಚಿಸುತ್ತಾರೆ. ಕಣದಲ್ಲಿ ಒಣಗುತ್ತಿರುವ ಮೆಣಸಿನಿಂದ ಒಂದು ಸೇರು ತೆಗೆದುಕೊಡುವುದಕ್ಕೆ ಯಾರಿಗೆ ಕಷ್ಟ?

ಅವಳು ಮಾರನೆಯ ದಿನದಿಂದಲೇ ಹೊರಟಳು. ಖಾದರ್ ರಿಪೇರಿ ಮುಗಿದ ಜೀಪುಗಳನ್ನು ತೋಟಗಳಿಗೆ ಮುಟ್ಟಿಸಲು ಹೋಗುವಾಗ ಜೊತೆಯಲ್ಲಿ ಕರೆದೊಯ್ಯುವನು, ಉಳಿದ ದಿನ ಬಸ್ಸು, ಕಾಲ್ನಡಿಗೆ. ಕಣದಲ್ಲಿ ಕೂತ ಹೆಂಗಸರ ಪಕ್ಕ ಕೂತು, ಬೊಗಸೆ ನೀರು ಕುಡಿದು, ಆದದ್ದನ್ನು ಹೇಳುವಳು. ಸೇರು ಕೊಟ್ಟವರಿದ್ದರು, ಅರ್ಧ ಮೂಟೆ ಕೊಟ್ಟವರಿದ್ದರು. ಎಸ್ಟೇಟಿನ ಆಳುಗಳು ಇರುವ ಕೂಲಿ ಲೈನಿನ ಹೆಂಗಸರು ಉದುರು ಕಾಳು ಆರಿಸಿ ಬಟ್ಟಲಲ್ಲಿ ತಂದು ಸುರಿದರು. ಒಬ್ಬ ಬೆಳೆಗಾರ ಮಾತ್ರ, "ನಿಮ್ಮ ಯಜಮಾನ್ರು ಹೋದ ವರ್ಷ ನನ್ನ ಮಾಲಿಗೆ ಜಳ್ಳು ಜಾಸ್ತಿ ಅಂತ ರೇಟು ಇಳಿಸಿದ್ರಲ್ಲ, ಆ ಜಳ್ಳೇ ಇದೆ, ತಗೊಂಡ್ಹೋಗಿ" ಎಂದು ಹಗುರದ ಚೀಲವೊಂದನ್ನು ಎಸೆದ. ಅವಳು ಅದನ್ನೂ ಹೊತ್ತು ತಂದಳು.

ಬಂದ ಮೂಟೆಗಳನ್ನು ಸುಗ್ರಾ ಬೀಯ ಜಗಲಿಯಲ್ಲಿ ಇಡುತ್ತಿದ್ದಳು. ಗಂಡನ ಅಂಗಡಿಗೆ ತರಲಿಲ್ಲ, ಅವನೂ ಕೇಳಲಿಲ್ಲ. ಮೂಡಿಗೆರೆಯ ಬೇರೊಬ್ಬ ವ್ಯಾಪಾರಿಗೆ ಖಾದರ್ ಮಾರಿಕೊಂಡು ಬರುತ್ತಿದ್ದ. ಹೆಂಗಸರು ಅದನ್ನು ದಾಕ್ಷು ಮೆಣಸು ಎಂದು ಕರೆಯತೊಡಗಿದರು. "ದಾಕ್ಷು ಮೆಣಸಿನ ಅಮ್ಮ ಬಂದ್ರು" ಎನ್ನುವರು.

ಆದರೆ ಹೇಳುತ್ತ ಹೇಳುತ್ತ ಅವಳಿಗೆ ಬೇರೊಂದು ಭಯ ಹುಟ್ಟಿತು. ಗೋಣಿಬೀಡಿನ ಆಚೆ ಒಂದು ಕಣದಲ್ಲಿ ಕೂತು ಎಂದಿನಂತೆ ಹೇಳುತ್ತಿದ್ದಾಗ, ಮರ ಬಿದ್ದ ಮಾತು ಬಂದ ಕೂಡಲೇ ತಾನು ದನಿ ತಗ್ಗಿಸಿ ಒಂದು ಕ್ಷಣ ಸುಮ್ಮನಾದದ್ದು ಅವಳ ಗಮನಕ್ಕೆ ಬಂತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಎಲ್ಲ ಮನೆಯಲ್ಲೂ ಅವರು ಅಳುವುದು ಅಲ್ಲಿಯೇ. ಅವರು ಅಳಲಿ ಎಂದೇ ತಾನು ಅಲ್ಲಿ ನಿಲ್ಲುತ್ತೇನೆಯೇ? ಅವಳ ಕಣ್ಣು ಒಣಗಿಯೇ ಇತ್ತು. ಓಂಕಾರಪ್ಪ ಹೇಳಿದ್ದು ಇದನ್ನೇನಾ ಎಂದುಕೊಂಡಳು. ಅಂದಿನಿಂದ ಅವಳು ಕಥೆ ಹೇಳುವುದನ್ನು ಬಿಟ್ಟಳು. ಬಾಗಿಲಲ್ಲಿ ನಿಂತು, "ಉಸಿರು ಕಟ್ಟೋ ಮಕ್ಕಳಿಗೆ ಆಸ್ಪತ್ರೇಲಿ ಆಕ್ಸಿಜನ್ ಇಡಿಸ್ಬೇಕು, ಒಂದು ಸೇರು ಮೆಣಸು ಕೊಡಿ" ಎನ್ನುವಳು, ಅಷ್ಟೇ. ಕೊಡುವವರು ಕೊಟ್ಟರು. ಕೆಲವು ಮನೆಗಳಲ್ಲಿ ಕಡಿಮೆ ಬಂತು.

ಮೆಣಸಿನ ಕಾಲ ಮುಗಿಯಿತು. ಹೂಮಳೆ ಬಂತು, ಕಾಫಿ ಹೂವಾಯಿತು, ಯುಗಾದಿ ಕಳೆಯಿತು. ಸೇರಿದ್ದೆಲ್ಲವನ್ನೂ ತಮ್ಮಯ್ಯನವರ ಮುಂದಿಟ್ಟಳು. ಅವರು ನೋಟುಗಳನ್ನು ಎರಡು ಸಲ ಎಣಿಸಿದರು.

"ಇಷ್ಟನ್ನ ಸೇರಿಸ್ತೀರಿ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ ತಾಯಿ. ಆದ್ರೆ ಅರ್ಧ ದಾರೀಗೂ ಬಂದಿಲ್ಲ."

"ಮುಂದಿನ ಸುಗ್ಗೀಲಿ ಉಳಿದದ್ದು ತರ್ತೀನಿ."

"ತನ್ನಿ," ಎಂದರು ಅವರು. ಅವರ ಕಣ್ಣು ಕಿಟಕಿಯ ಹೊರಗೆ ಪಡುವಣದ ಮೋಡದ ಮೇಲಿತ್ತು. ಮುಂದಿನ ಸುಗ್ಗಿಗೆ ಮುಂಚೆ ಒಂದು ಮಳೆಗಾಲ ಇದೆ ಎಂದು ಅವರೂ ಹೇಳಲಿಲ್ಲ, ಅವಳೂ ಹೇಳಲಿಲ್ಲ.

ಕಳಸದ ದಾರಿಯಲ್ಲಿ ವಸಂತಮ್ಮನವರ ಎಸ್ಟೇಟು. ಗಂಡ ಲಕ್ಕೇಗೌಡರು ತೀರಿಕೊಂಡು ವರ್ಷವಾಗಿತ್ತು. ಸರ್ವಮಂಗಳಾ ಮೇ ತಿಂಗಳ ಒಂದು ಮಧ್ಯಾಹ್ನ ಅಲ್ಲಿಗೆ ಹೋದಳು. ವಸಂತಮ್ಮ ಒಳಗೆ ಕರೆದು ಕೂರಿಸಿ, ಕಿತ್ತಳೆ ಹಣ್ಣಿನ ಶರಬತ್ತು ಕೊಟ್ಟು, ಎಲ್ಲವನ್ನೂ ಕೇಳಿಕೊಂಡರು.

"ಎಷ್ಟು ಕಡಿಮೆ ಬಿದ್ದಿದೆಯೋ ಅಷ್ಟೂ ನಾನು ಕೊಡ್ತೀನಿ," ಎಂದರು. ಸರ್ವಮಂಗಳಾ ಕೈಮುಗಿಯಲು ಹೋದಳು. "ತಡಿ. ಒಂದು ಮಾತಿದೆ. ಆ ಕೋಣೆಗೆ ನಮ್ಮವರ ಹೆಸರು ಇಡಿಸ್ಬೇಕು."

ಸರ್ವಮಂಗಳಾ ಲೋಟ ಕೆಳಗಿಟ್ಟಳು. "ಅಮ್ಮಾ, ಜನ ಮೆಣಸು ಕೊಟ್ಟಿದ್ದು ನನ್ನ ಮಗಳ ಹೆಸರಿಗೆ. ಎರಡೂ ಹೆಸರು ಬರೆಸಿದ್ರೆ..."

"ಎರಡು ಹೆಸರು ಬರೆಸಿದ್ರೆ ಜನ ಎರಡನ್ನೂ ಓದಲ್ಲ." ವಸಂತಮ್ಮನ ದನಿ ಗಡಸಾಗಿರಲಿಲ್ಲ, ದಣಿದಿತ್ತು. "ನನ್ನ ಮೇಲೆ ಬೇಜಾರು ಮಾಡ್ಕೋಬೇಡ ಸರ್ವಮಂಗಳಾ. ಅವರು ಹೋದ ಮೇಲೆ ಈ ತೋಟವನ್ನ ಮೈದುನಂದಿರು ಪಾಲು ಮಾಡ್ತಾರೆ. ಗೇಟಿನ ಮೇಲಿನ ಹೆಸರು ನಾಳೆ ಅಳಿಸಿ ಹೋಗುತ್ತೆ. ನನಗೆ ಮಕ್ಕಳಿಲ್ಲ. ಎಲ್ಲಾದ್ರೂ ಒಂದು ಕಡೆ ಅವರ ಹೆಸರು ಇರ್ಲಿ ಅಂತ ನಂಗೂ ಆಸೆ ಇರಲ್ವ?"

ಸರ್ವಮಂಗಳಾ ಯೋಚಿಸಿ ಹೇಳುತ್ತೇನೆ ಎಂದು ಎದ್ದಳು. ಬಸ್ಸು ಬರುವ ತನಕ ಎಸ್ಟೇಟಿನ ಗೇಟಿನ ಕಲ್ಲಿನ ಮೇಲೆ ಕೂತಳು. ದಾಕ್ಷುವಿನ ಹೆಸರು ಗೋಡೆಯ ಮೇಲೆ ಹೇಗೆ ಕಾಣುತ್ತದೆ ಎಂದು ಅವಳು ಎಷ್ಟೋ ಸಲ ಕಣ್ಮುಚ್ಚಿ ನೋಡಿಕೊಂಡಿದ್ದಳು. ಬಿಳಿ ಕಲ್ಲು, ಕಪ್ಪು ಅಕ್ಷರ. ಹಾಗೆ ನೋಡಿಕೊಂಡಾಗ ಮಾತ್ರ ಎದೆಗೆ ಸ್ವಲ್ಪ ಗಾಳಿ ಆಡಿದಂತಾಗುತ್ತಿತ್ತು. ಘಟ್ಟದ ಮೇಲೆ ಗುಡುಗು ಸದ್ದಾಯಿತು. ಬಸ್ಸು ಬಂದು ನಿಂತು, ಕಂಡಕ್ಟರು ಕರೆದ. ಅವಳು ಹತ್ತಲಿಲ್ಲ. ಎದ್ದು, ತಿರುಗಿ ಬಂಗಲೆಯ ಕಡೆಗೆ ನಡೆದಳು.

ಸುದ್ದಿ ತಿಳಿದ ಖಾದರ್ ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಎಸೆದ. "ಎಂತ ಮಾಡಿದ್ರಿ ಅಕ್ಕಾ? ಆ ಜೀಪಲ್ಲಿ ಕೂತಿದ್ದೋಳು ಯಾರು, ಗೌಡ್ರಾ?"

"ಹೆಸರಿಗೆ ಕಾಯ್ತಾ ಕೂತ್ರೆ ಮಳೆ ಕಾಯುತ್ತಾ ಖಾದರ್?" ಎಂದಳು ಅವಳು. ಅವನು ಮುಖ ತಿರುಗಿಸಿಕೊಂಡ. ಸುಗ್ರಾ ಬೀ ಅವಳ ಬೆನ್ನು ಸವರಿದಳು.

ಆಸ್ಪತ್ರೆಯ ಉಗ್ರಾಣವನ್ನೇ ಖಾಲಿ ಮಾಡಿಸಿದ್ದರಿಂದ ಜೂನಿನ ಮೊದಲ ಮಳೆ ಹಿಡಿಯುವುದಕ್ಕೆ ಮುಂಚೆ ಕೋಣೆ ಸಿದ್ಧವಾಯಿತು. ಚಿಕ್ಕ ಚಿಕ್ಕ ಮಂಚಗಳು, ಬೆಚ್ಚಗಿನ ಹಾಸಿಗೆ, ಮೂಲೆಯಲ್ಲಿ ಉದ್ದನೆಯ ಸಿಲಿಂಡರುಗಳು. ಟ್ರಸ್ಟಿನವರು ಬಂದು ಭಾಷಣ ಮಾಡಿದರು. ವಸಂತಮ್ಮ ರಿಬ್ಬನ್ ಕತ್ತರಿಸಿ, ಗಂಡನ ಹೆಸರಿನ ಕಲ್ಲನ್ನು ಕೈಯಿಂದ ಮುಟ್ಟಿ ಅತ್ತರು. ಸರ್ವಮಂಗಳಾ ಹಿಂದಿನ ಸಾಲಿನಲ್ಲಿ ಅಣ್ಣಮ್ಮನ ಪಕ್ಕ ನಿಂತಿದ್ದಳು. ತಿರುಗಿ ನೋಡಿದರೆ ಗೇಟಿನ ಹೊರಗೆ ಓಂಕಾರಪ್ಪ. ಅವನು ಬರುತ್ತಾನೆ ಎಂದು ಅವಳು ಎಣಿಸಿಯೇ ಇರಲಿಲ್ಲ. ಒಗೆದ ಪಂಚೆ ಉಟ್ಟಿದ್ದ, ಹಣೆಯಲ್ಲಿ ವಿಭೂತಿ ಇತ್ತು. ಜನ ಕರಗಿದ ಮೇಲೆ ಒಳಗೆ ಬಂದು, ಬಾಗಿಲ ಮೇಲಿನ ಕಲ್ಲನ್ನು ಓದಿದ. ಇನ್ನೊಮ್ಮೆ ಓದಿದ. ಅವಳಿಗೆ ಒಂದು ಮಾತೂ ಹೇಳದೆ ಹೊರಟುಹೋದ.

ಅವಳು ಮನೆಗೆ ಬಂದಾಗ ಅಂಗಡಿ ಮುಚ್ಚಿತ್ತು. ಒಳಗೆ ಓಂಕಾರಪ್ಪ ಮೂಟೆಗೆ ಒರಗಿ ನೆಲದ ಮೇಲೆ ಕೂತಿದ್ದ.

"ಅವಳ ಹೆಸರು ಎಲ್ಲಿ?"

ಸರ್ವಮಂಗಳಾ ಹಿಂಬಾಗಿಲು ಎಳೆದುಕೊಂಡು ಒಳಗೆ ಬಂದಳು.

"ಬಿಸಿಲು ಅನ್ನದೆ ತಿರುಗಿದೆಯಲ್ಲ. ಜನ ದಾಕ್ಷು ಮೆಣಸು ದಾಕ್ಷು ಮೆಣಸು ಅನ್ನೋರು, ನನ್ನ ಅಂಗಡೀಗೂ ಬಂದು ಅನ್ನೋರು. ನಾನು ಕೇಳಿಸ್ಕೊಂಡು ಸುಮ್ನಿದ್ದೆ. ಬೇಡ ಅಂದಿದ್ದೋನು ನಾನೇ. ಆದ್ರೂ ಇವತ್ತು ಅವಳ ಹೆಸರು ನೋಡೋಣ ಅಂತ ಬಂದೆ ಕಣೆ. ದಾಕ್ಷಾಯಿಣಿ ಅಂತ ಬರ್ದಿರ್ತಾರೆ, ಒಂದ್ಸಲ ಕೈಯಾಡಿಸೋಣ ಅಂತ ಬಂದೆ."

ಒಂದು ವರ್ಷದಲ್ಲಿ ಅವನ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲು. ಸರ್ವಮಂಗಳಾ ಅವನೆದುರು ಕುಸಿದು ಕೂತಳು. ಗಂಟಲಲ್ಲಿ ಸಿಕ್ಕಿದ್ದ ಮುಳ್ಳು ತಾನಾಗಿಯೇ ಹೊರಗೆ ಬಂತು.

"ನಾನು ದಾರಿಯುದ್ದಕ್ಕೂ ಮಾತಾಡ್ತಿದ್ನಲ್ಲ. ಬಳೆ ಕೊಡಿಸ್ತೀನಿ ಅಂತ ಬಡಕೊಳ್ತಿದ್ನಲ್ಲ. ನೀವು ಯಾಕೆ ಹೇಳ್ಲಿಲ್ಲ? ಅವಳನ್ನ ಒಂದ್ಸಲ ಎತ್ತಿಕೊಳ್ಳೋಕೂ ಬಿಡ್ಲಿಲ್ಲ ನೀವು."

ಓಂಕಾರಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ನೀನು ಮಾತಾಡ್ತಿರೋವರೆಗೂ ಅವಳು ಇದ್ಲು ಮಂಗಳಾ. ನೀನು ಸುಮ್ಮನಾದ್ರೆ ಹೋಗ್ಬಿಡ್ತಾಳೆ ಅನ್ನಿಸ್ತು. ಹೇಳೋಣ ಅಂತ ಬಾಯಿ ತೆರೀತಿದ್ದೆ. ನೀನು ಇನ್ನೊಂದು ಮಾತು ಶುರು ಮಾಡ್ತಿದ್ದೆ. ಇದೊಂದು ಮಾತು ಮುಗೀಲಿ, ಇದೊಂದು ಮುಗೀಲಿ ಅಂತ..."

ಅವನು ಅಳುವುದನ್ನು ಅವಳು ಮದುವೆಯಾದಂದಿನಿಂದ ನೋಡಿರಲಿಲ್ಲ. ಮಣ್ಣು ಮಾಡಿದ ದಿನವೂ ನೋಡಿರಲಿಲ್ಲ. ಅವಳು ಅವನ ತಲೆಯನ್ನು ತನ್ನ ಭುಜಕ್ಕೆ ಎಳೆದುಕೊಂಡಳು. ಹೊರಗೆ ಸಂತೆಗೆ ಬಂದವರು ಮುಚ್ಚಿದ ಬಾಗಿಲು ತಟ್ಟಿ, ಕಾದು, ಹೊರಟುಹೋದರು.

ಆ ಆಷಾಢದಲ್ಲಿ ಅಣ್ಣಮ್ಮ ಬಸ್ಸಿನವರ ಕೈಲಿ ಹೇಳಿಕಳಿಸಿದಳು, ಬನ್ನಿ ಎಂದು. ಗಂಡ ಹೆಂಡತಿ ಇಬ್ಬರೂ ಹೋದರು. ಕೂಲಿ ಲೈನಿನ ಭಾಗಮ್ಮ ಎಂಬವಳ ಮಗಳು ಚೆಲುವಿ, ನಾಲ್ಕೈದು ವರ್ಷದ್ದು, ಚಿಕ್ಕ ಮಂಚದ ಮೇಲೆ ಮಲಗಿತ್ತು. ಮೂಗಿಗೆ ತೆಳ್ಳನೆ ರಬ್ಬರ್ ನಳಿಕೆ. ಹಿಂದಿನ ದಿನ ತಂದಾಗ ತುಟಿ ಕಪ್ಪಾಗಿತ್ತಂತೆ.

"ಗಂಡಾಂತರ ಕಳೀತು," ಎಂದರು ತಮ್ಮಯ್ಯ. ಒಂದು ವರ್ಷದಲ್ಲಿ ಅವರು ನಕ್ಕದ್ದನ್ನು ಸರ್ವಮಂಗಳಾ ಕಂಡದ್ದು ಆಗಲೇ.

ಭಾಗಮ್ಮ ಬಂದು ಅವಳ ಕಾಲಿಗೆ ಬಿದ್ದಳು. "ನರ್ಸಮ್ಮ ಎಲ್ಲ ಹೇಳಿದ್ರು ಅವ್ವಾ. ನಿಮ್ಮ ಹೊಟ್ಟೆ ತಣ್ಣಗಿರ್ಲಿ."

ಸರ್ವಮಂಗಳಾ ಅವಳನ್ನು ಎಬ್ಬಿಸಿದಳು, ಏನೋ ಸಮಾಧಾನದ ಮಾತು ಹೇಳಿದಳು. ಆಮೇಲೆ ಆಸ್ಪತ್ರೆಯ ಹಿಂದಕ್ಕೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಒಂದು ಮಗು ಉಳಿದರೆ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದಳು. ಇಳಿಯಲಿಲ್ಲ. ಇಷ್ಟು ಇದ್ದಿದ್ದರೆ ಸಾಕಿತ್ತಲ್ಲ, ಒಂದು ಕಬ್ಬಿಣದ ಸಿಲಿಂಡರು, ಒಂದು ರಬ್ಬರ್ ನಳಿಕೆ, ಇಷ್ಟಕ್ಕೆ ನನ್ನ ಮಗಳು ಹೋದಳಲ್ಲ ಎಂದು ಅತ್ತಳು. ಇದನ್ನು ಒಂದು ವರ್ಷ ಮುಂಚೆ ಯಾಕೆ ಯಾರೂ ಮಾಡಲಿಲ್ಲ, ನಾನೇ ಯಾಕೆ ಮಾಡಲಿಲ್ಲ ಎಂದು ಅತ್ತಳು. ಭಾಗಮ್ಮನ ಮೇಲೆ ಹೊಟ್ಟೆಕಿಚ್ಚಾಯಿತು. ಹಾಗಾದದ್ದಕ್ಕೆ ನಾಚಿಕೆಯಾಗಿ ಇನ್ನೂ ಅತ್ತಳು. ಓಂಕಾರಪ್ಪ ಕೊಡೆ ಹಿಡಿದು ಬಂದು ಪಕ್ಕದಲ್ಲಿ ನಿಂತ.

ವಾರ ಕಳೆದ ಮೇಲೆ ಭಾಗಮ್ಮ ಮಗಳನ್ನು ಕರೆದುಕೊಂಡು ಊರಿಗೆ ಹೊರಟಳು. ಗೋಣಿಬೀಡಿನಲ್ಲಿ ಬಸ್ಸು ಬದಲಿಸಬೇಕು. ನಡುವೆ ಹೊತ್ತಿದ್ದುದರಿಂದ ಅಂಗಡಿ ಹುಡುಕಿಕೊಂಡು ಬಂದಳು. ಸರ್ವಮಂಗಳಾ ಇಬ್ಬರನ್ನೂ ಒಳಗೆ ಕರೆದು ಊಟಕ್ಕೆ ಹಾಕಿದಳು. ಚೆಲುವಿ ಬೆಲ್ಲ ಕಲಸಿದ ಅನ್ನವನ್ನು ಬಟ್ಟಲು ನೆಕ್ಕಿ ತಿಂದಿತು. ತಿಂದು, ಯಾರೂ ಕರೆಯದಿದ್ದರೂ ಬಂದು, ಸರ್ವಮಂಗಳಾಳ ಮಡಿಲಲ್ಲಿ ಕೂತು, ಅವಳ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹಾಗೇ ನಿದ್ದೆಹೋಯಿತು.

ಸರ್ವಮಂಗಳಾ ಅಲ್ಲಾಡದೆ ಕೂತಳು. ಅಂಗೈಯನ್ನು ಮಗುವಿನ ಬೆನ್ನಿಗಿಟ್ಟಳು. ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು. ಭಾಗಮ್ಮ ಲೈನಿನ ಮನೆ ಸೋರುವ ಮಾತು, ಮೇಸ್ತ್ರಿಯ ಮಾತು, ಏನೇನೋ ಹೇಳುತ್ತಿದ್ದಳು. ಸರ್ವಮಂಗಳಾ ಹೂಂಗುಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ.

ಹೊರಗೆ ಬಸ್ಸು ಬಂದು ನಿಂತು ಹಾರನ್ ಮಾಡಿತು. ಭಾಗಮ್ಮ ಗಡಬಡಿಸಿ ಎದ್ದು, ಗಂಟು ಬಗಲಿಗೇರಿಸಿ, ಮಗುವಿಗೆ ಕೈ ನೀಡಿದಳು.

ಸರ್ವಮಂಗಳಾಳ ಕೈ ಸಡಿಲಾಗಲಿಲ್ಲ. ಅವಳಿಗೇ ತಿಳಿಯದ ಹಾಗೆ ಆ ಕೈಗಳು ಮಗುವನ್ನು ಇನ್ನಷ್ಟು ಒಳಕ್ಕೆ ಒತ್ತಿಕೊಂಡವು. ಭಾಗಮ್ಮ ನೀಡಿದ ಕೈಯನ್ನು ನೀಡಿದಂತೆಯೇ ಹಿಡಿದು, ಅವಳ ಮುಖ ನೋಡುತ್ತ ನಿಂತಳು. ಬಸ್ಸು ಇನ್ನೊಮ್ಮೆ ಹಾರನ್ ಮಾಡಿತು.

ಓಂಕಾರಪ್ಪ ಬಂದು ಹೆಂಡತಿಯ ಪಕ್ಕ ಕೂತ.

"ಕೊಡು ಮಂಗಳಾ," ಎಂದ ಮೆಲ್ಲಗೆ. "ಅವರ ಬಸ್ಸು ಹೊರಡುತ್ತೆ."

ಅವಳು ಕೊಟ್ಟಳು. ಬಾಗಿಲ ತನಕ ಹೋಗಿ, ಮಗುವಿನ ತಲೆ ನೆನೆಯದ ಹಾಗೆ ಭಾಗಮ್ಮನ ಸೆರಗನ್ನು ತಾನೇ ಎಳೆದು ಮುಚ್ಚಿದಳು. ಬಸ್ಸು ತಿರುವು ದಾಟಿದ ಮೇಲೂ ಇಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಇದ್ದರು.